ಎಂಜಿನ್ ಕೆಟ್ಟಿಲ್ಲ ಸ್ವಾಮಿ, ವೈರ್ ನೋಡಿ!

"ರೋಟರಿ ಎಂಜಿನ್ನಾ? ಅಯ್ಯೋ, ಅದನ್ನ ನಂಬ್ಕೊಂಡು ಯಾರಾದ್ರೂ ಆಕಾಶಕ್ಕೆ ಹೋಗ್ತಾರೇನ್ರೀ?"

ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಹೇಳೋರು ಬರೀ ದಾರೀಲಿ ಹೋಗೋರಲ್ಲ. ವಿಮಾನ ಹಾರಿಸೋರು, ಎಂಜಿನ್ ಬಿಚ್ಚಿ ಜೋಡಿಸೋರು, ಸ್ವಂತ ಕೈಯಲ್ಲಿ ವಿಮಾನ ಕಟ್ಟಿದೋರು ಕೂಡ ಇದೇ ರಾಗ ಹಾಡ್ತಾರೆ. ಎಲ್ಲೋ ಒಂದು ರೋಟರಿ ವಿಮಾನ ಟೇಕಾಫ್ ಹೊತ್ತಲ್ಲಿ ತಡವರಿಸಿತು ಅಂದ್ರೆ ಸಾಕು, ಕಾರಣ ಗೊತ್ತಾಗೋ ಮುಂಚೆಯೇ ತೀರ್ಪು ಬಂದುಬಿಡುತ್ತೆ. ಎಂಜಿನ್ ಸರಿ ಇಲ್ಲ! ಆಮೇಲೆ ಯಾರೋ ಪಾಪ ಮೂರು ವಾರ ಕೂತು ಹುಡುಕಿ, ಇಂಜೆಕ್ಟರ್ ಕನೆಕ್ಟರಿನ ಒಂದು ಪಿನ್ನು ಸರಿಯಾಗಿ ಕೂತಿರಲಿಲ್ಲ ಅಂತ ಕಂಡುಹಿಡಿದ್ರೆ, ಅದನ್ನ ಕೇಳೋಕೆ ಅಲ್ಲಿ ಯಾರೂ ಉಳಿದಿರಲ್ಲ. ತಪ್ಪು ವೈರಿಂದು, ಬೈಗುಳ ಎಂಜಿನ್ನಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದಹಾಗೆ.

ಅದಕ್ಕೇ ಇವತ್ತು ಸ್ವಲ್ಪ ಖಾರವಾಗೇ ಬರೀತಿದ್ದೀನಿ. ನನ್ನ ವಾದ ಸಣ್ಣದು. ಕರೆಂಟಿನ ಭರವಸೆ ಮೇಲೆ ಪೆಟ್ರೋಲ್ ಕುಡಿಯೋ ಎಂಜಿನ್ನಿಗೆ ವೈರು ಅನ್ನೋದು ಮೇಲಿನ ಅಲಂಕಾರ ಅಲ್ಲ, ಅದೂ ಎಂಜಿನ್ನಿನ ಅಂಗವೇ. ಆ ವೈರನ್ನ ಲೋಡ್ ಹಾಕಿ ಅಳೆಯದೆ ಒಂದಾದ ಮೇಲೊಂದು ಪಾರ್ಟು ಬದಲಾಯಿಸ್ತಾ ಹೋಗೋರು ರಿಪೇರಿ ಮಾಡ್ತಿಲ್ಲ, ಲಾಟರಿ ಆಡ್ತಿದ್ದಾರೆ. ಆ ಲಾಟರಿಗೆ ಒತ್ತೆ ಇಟ್ಟಿರೋದು ಹಾರಿಸೋರ ಜೀವ.

ಗೊತ್ತಿಲ್ಲದವರಿಗೆ ಒಂಚೂರು ಹಿನ್ನೆಲೆ. ನಾನಿರೋದು ಅಮೆರಿಕದ ಒಂದು ಸಣ್ಣ ಊರಲ್ಲಿ. ಹೊಟ್ಟೆಪಾಡಿಗೆ ಕಾರ್ಖಾನೆಗಳ ಎಲೆಕ್ಟ್ರಿಕಲ್ ಪ್ಯಾನೆಲ್ ಕೆಲಸ. ಶನಿವಾರ ಭಾನುವಾರ ಊರಾಚೆಯ ಪುಟ್ಟ ರನ್‌ವೇ ಪಕ್ಕದ ಹ್ಯಾಂಗರುಗಳಲ್ಲಿ ಸ್ನೇಹಿತರ ವಿಮಾನಗಳ ವೈರಿಂಗ್ ನೋಡ್ತೀನಿ. ಇಲ್ಲಿ ಜನ ಮನೆ ಗರಾಜಿನಲ್ಲಿ ವಿಮಾನ ಕಟ್ಟೋದು ಹೊಸದೇನಲ್ಲ. ಇಎಎ ಅನ್ನೋ ಸಂಘ 1953ರಲ್ಲೇ ಮಿಲ್ವಾಕಿಯಲ್ಲಿ ಹುಟ್ಟಿದ್ದು ಇದಕ್ಕೇ. ಕಟ್ಟೋ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನ ಹವ್ಯಾಸಿಗಳೇ ಮಾಡಿದ್ರೆ ಎಫ್‌ಎಎ ಅದಕ್ಕೆ 'ಎಕ್ಸ್‌ಪೆರಿಮೆಂಟಲ್' ಅನ್ನೋ ವರ್ಗದಲ್ಲಿ ಹಾರೋಕೆ ಅನುಮತಿ ಕೊಡುತ್ತೆ. ಎಂಜಿನ್ ವಿಮಾನದ್ದೇ ಆಗಿರಬೇಕು ಅಂತೇನಿಲ್ಲ. ಹಾಗಾಗಿ ಕೆಲವರು ಮಜ್ದಾ ಆರ್‌ಎಕ್ಸ್-7 ಕಾರಿನ 13ಬಿ ರೋಟರಿ ಎಂಜಿನ್ ತಂದು, ಮುಂದೆ ಗೇರ್ ಜೋಡಿಸಿ, ಪ್ರೊಪೆಲರ್ ಕಟ್ಟಿ ಹಾರಿಸ್ತಾರೆ.

ರೋಟರಿ ಅಂದ ತಕ್ಷಣ ಮೊದಲ ಮಹಾಯುದ್ಧದ ಹಳೇ ವಿಮಾನಗಳನ್ನ ನೆನಪಿಸ್ಕೋಬೇಡಿ. ಅವುಗಳಲ್ಲಿದ್ದ ಫ್ರಾನ್ಸಿನ ನೋಮ್ ಥರದ ಎಂಜಿನ್ನುಗಳಲ್ಲಿ ಶಾಫ್ಟು ನಿಂತಿರ್ತಿತ್ತು, ಸಿಲಿಂಡರುಗಳೇ ಪ್ರೊಪೆಲರ್ ಜೊತೆ ಗಿರಗಿರ ತಿರುಗ್ತಿದ್ದವು. ನಾನು ಹೇಳ್ತಿರೋದು ವ್ಯಾಂಕೆಲ್ ರೋಟರಿ. ಫೆಲಿಕ್ಸ್ ವ್ಯಾಂಕೆಲ್ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲ ಸಲ ಓಡಿಸಿ ತೋರಿಸಿದ ಎಂಜಿನ್ನಿನ ವಂಶ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. 13ಬಿ ಒಳಗೆ ಮೂರು ಮೂಲೆಯ ಎರಡು ರೋಟರು, ಅವನ್ನ ಹೊತ್ತ ಒಂದು ಶಾಫ್ಟು. ಒಂದೊಂದು ರೋಟರಿಗೆ 654 ಸಿಸಿ, ಒಟ್ಟು 1308. ಇಷ್ಟು ಕಡಿಮೆ ಅಲುಗಾಡೋ ಭಾಗ ಇರೋ ಎಂಜಿನ್ನು ನಂಬಿಕೆಗೆ ಅನರ್ಹ ಅಂತ ಹೇಳೋರಿಗೆ 1991ನ್ನ ನೆನಪಿಸ್ತೀನಿ. ಆ ವರ್ಷ ಲೆ ಮಾನ್ಸಿನ 24 ಗಂಟೆ ಓಟ ಗೆದ್ದಿದ್ದು ಮಜ್ದಾ 787ಬಿ, ಅದರಲ್ಲಿದ್ದದ್ದು ನಾಲ್ಕು ರೋಟರಿನ ಎಂಜಿನ್ನು. ಒಂದು ಹಗಲು ಒಂದು ರಾತ್ರಿ ರೇಸಿನ ವೇಗದಲ್ಲಿ ಓಡಿದ ಜಾತಿಯ ಎಂಜಿನ್ನು ನಿಮ್ಮ ಹ್ಯಾಂಗರಿಗೆ ಬಂದು ಹತ್ತೇ ನಿಮಿಷಕ್ಕೆ ಕೆಮ್ಮುತ್ತೆ ಅಂದ್ರೆ, ನಡುವೆ ನೀವು ಸೇರಿಸಿದ್ದು ಏನು ಅಂತ ಮೊದಲು ನೋಡ್ಬೇಕಲ್ವಾ?

ನೀವು ಸೇರಿಸಿದ್ದು ವೈರು. ಮಜ್ದಾ ಈ ಎಂಜಿನ್ನನ್ನ ವಿಮಾನಕ್ಕೆ ಅಂತ ಮಾರಿದ್ದಲ್ಲ. ಕಾರಿನ ವೈರಿಂಗ್ ಎಲ್ಲ ಕಿತ್ತು ಬಿಸಾಕಿ, ಇಸಿಯು ಅನ್ನೋ ಕಂಪ್ಯೂಟರ್ ಪೆಟ್ಟಿಗೆ ಬೇರೆ ತಂದು, ಇಂಜೆಕ್ಟರಿಂದ ಬ್ಯಾಟರಿವರೆಗೆ ಪ್ರತಿ ಎಳೆಯನ್ನೂ ನಾವೇ ಹೊಸದಾಗಿ ಎಳೆದಿರ್ತೀವಿ. ಎಂಜಿನ್ನಿನಲ್ಲಿ ಅನುಭವ ಇರೋ ಭಾಗ ಮಜ್ದಾದ್ದು. ಅನುಭವ ಇಲ್ಲದ ಭಾಗ ನಮ್ಮದು. ಅನುಮಾನ ಯಾವ ಕಡೆಯಿಂದ ಶುರುವಾಗ್ಬೇಕು? ನೀವೇ ಹೇಳಿ.

ಈಗ ಇಂಜೆಕ್ಟರಿಗೆ ಬರೋಣ. ಅದು ಪುಟ್ಟ ವಿದ್ಯುತ್ ನಲ್ಲಿ, ಅಷ್ಟೇ. ಒಳಗೊಂದು ತಂತಿ ಸುರುಳಿ. ಅದಕ್ಕೆ ಎರಡು ಪಿನ್ನು. ಒಂದಕ್ಕೆ ಫ್ಯೂಸಿನ ಮೂಲಕ ಬ್ಯಾಟರಿಯ ಪ್ಲಸ್ ಸದಾ ಬಂದಿರುತ್ತೆ. ಇನ್ನೊಂದನ್ನ ಇಸಿಯು ಬೇಕಾದಾಗ ಗ್ರೌಂಡಿಗೆ ಮುಟ್ಟಿಸುತ್ತೆ. ಮುಟ್ಟಿಸಿದಷ್ಟು ಹೊತ್ತು ನಲ್ಲಿ ತೆರೆದಿರುತ್ತೆ, ಬಿಟ್ಟ ತಕ್ಷಣ ಮುಚ್ಚುತ್ತೆ. ಶಾಫ್ಟು ನಿಮಿಷಕ್ಕೆ 6000 ಸುತ್ತು ತಿರುಗ್ತಿದ್ರೆ ಒಂದು ಸುತ್ತಿಗೆ 10 ಮಿಲಿಸೆಕೆಂಡು. ಸುತ್ತಿಗೊಂದು ಸಲ ಚಿಮ್ಮಿಸಬೇಕು ಅಂದ್ರೆ ತೆರೆಯೋದು, ಚಿಮ್ಮೋದು, ಮುಚ್ಚೋದು ಎಲ್ಲ ಅಷ್ಟರಲ್ಲೇ ಮುಗೀಬೇಕು. ತೆರೆಯೋಕೇ ಸುಮಾರು ಒಂದು ಮಿಲಿಸೆಕೆಂಡು ಹಿಡಿಯುತ್ತೆ. ವೋಲ್ಟೇಜ್ ಇಳಿದ್ರೆ ಇನ್ನೂ ತಡ. ತಡ ಆದಷ್ಟೂ ಪೆಟ್ರೋಲು ಕಡಿಮೆ.

"ಇಸಿಯು ಬ್ಯಾಟರಿ ವೋಲ್ಟೇಜ್ ನೋಡಿ ಅದನ್ನ ಸರಿದೂಗಿಸುತ್ತಲ್ಲ" ಅಂತ ತಿಳಿದೋರು ಅಡ್ಡ ಬಾಯಿ ಹಾಕ್ತಾರೆ. ಹೌದು, ಸರಿದೂಗಿಸುತ್ತೆ. ಆದ್ರೆ ಅದು ನೋಡೋದು ತನ್ನ ಪಿನ್ನಿಗೆ ಬಂದ ವೋಲ್ಟೇಜನ್ನ. ಇಂಜೆಕ್ಟರಿನ ದಾರೀಲಿ ಒಂದು ಕೆಟ್ಟ ಜಾಯಿಂಟು ಎರಡು ವೋಲ್ಟು ನುಂಗ್ತಿದ್ರೆ ಅದು ಇಸಿಯುಗೆ ಕಾಣೋದೇ ಇಲ್ಲ. ಅದರ ಪ್ರಕಾರ ಎಲ್ಲ ಸುಭಿಕ್ಷ!

ಇನ್ನು ಅಸಲಿ ಬಲೆ ಇರೋದು ಎರಡು ಹಂತದ ವ್ಯವಸ್ಥೆಯಲ್ಲಿ. 13ಬಿಗೆ ಸಾಮಾನ್ಯವಾಗಿ ನಾಲ್ಕು ಇಂಜೆಕ್ಟರು, ರೋಟರಿಗೆ ಎರಡರಂತೆ. ಎರಡು ಪ್ರೈಮರಿ, ಎರಡು ಸೆಕೆಂಡರಿ. ಥ್ರಾಟಲ್ ಕಡಿಮೆ ಇದ್ದಾಗ ಪ್ರೈಮರಿಗಳು ಮಾತ್ರ ಕೆಲಸ ಮಾಡುತ್ವೆ. ಥ್ರಾಟಲ್ ಮುಂದೆ ತಳ್ಳಿ ಮ್ಯಾನಿಫೋಲ್ಡ್ ಒತ್ತಡ ಒಂದು ಮಟ್ಟ ದಾಟಿದಾಗ ಇಸಿಯು ಸೆಕೆಂಡರಿಗಳನ್ನೂ ಕರೀತದೆ. ಅಲ್ಲಿವರೆಗೆ ಎರಡರಿಂದ ಹೋಗ್ತಿದ್ದ ಪೆಟ್ರೋಲನ್ನ ಆ ಕ್ಷಣದಿಂದ ನಾಲ್ಕಕ್ಕೆ ಹಂಚುತ್ತೆ. ಈಗ ಯೋಚನೆ ಮಾಡಿ. ಒಂದು ಸೆಕೆಂಡರಿಯ ವೈರು ಸತ್ತಿದೆ ಅಂತಿಟ್ಕೊಳ್ಳಿ. ಸ್ಟಾರ್ಟ್ ಆಗುತ್ತೆ. ಐಡಲ್ ನುಣ್ಣಗೆ. ಟ್ಯಾಕ್ಸಿ ಮಾಡ್ಕೊಂಡು ರನ್‌ವೇ ತುದಿಗೆ ಹೋಗೋವರೆಗೂ ಮದುವೆ ಮನೆ ನಾದಸ್ವರದ ಥರ ಓಡುತ್ತೆ. ಪೂರ್ತಿ ಥ್ರಾಟಲ್ ಕೊಟ್ಟ ಕ್ಷಣ ಆ ರೋಟರಿಗೆ ಸಿಗಬೇಕಾದ ಪೆಟ್ರೋಲಿನಲ್ಲಿ ಅರ್ಧ ಮಾತ್ರ ಸಿಗುತ್ತೆ. ಅಂದ್ರೆ ನೆಲದ ಮೇಲೆ ಬಚ್ಚಿಟ್ಟುಕೊಂಡಿದ್ದ ದೋಷ, ನಿಮಗೆ ಶಕ್ತಿ ಅತಿ ಹೆಚ್ಚು ಬೇಕಾದ ಗಳಿಗೆ ನೋಡಿ ಹೊರಗೆ ಬರುತ್ತೆ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದ ಮಿಶ್ರಣ ಆಸ್ಫೋಟಿಸಿದ್ರೆ ರೋಟರಿನ ಮೂಲೆಯಲ್ಲಿರೋ ಅಪೆಕ್ಸ್ ಸೀಲು ಬಿರುಕು ಬಿಡಬಹುದು. ಎಂಜಿನ್ ಬಿಚ್ಚಿದೋರು ಮುರಿದ ಸೀಲು ಕೈಯಲ್ಲಿ ಹಿಡ್ಕೊಂಡು "ನೋಡಿದ್ರಾ? ನಾನು ಅವಾಗ್ಲೇ ಹೇಳಿರ್ಲಿಲ್ವಾ, ರೋಟರಿ ಅಂದ್ರೆ ಹೀಗೇ" ಅಂತಾರೆ. ಅದನ್ನ ಮುರಿದ ವೈರು ಮಾತ್ರ ಅಲ್ಲೇ ಕಟ್ಟಿನೊಳಗೆ ಸುಮ್ಮನೆ ಮಲಗಿರುತ್ತೆ, ಮುಂದಿನ ಎಂಜಿನ್ನಿಗೆ ಕಾಯ್ತಾ.

ಕಲ್ಪನೆ ಅಲ್ಲ ಇದು. ನಮ್ಮ ಹ್ಯಾಂಗರಿನಲ್ಲೇ ಒಂದು ವಿಮಾನ ಇತ್ತು. ಐಡಲ್ ಚೆನ್ನ, ಅರ್ಧ ಥ್ರಾಟಲ್ ಚೆನ್ನ, ಅದಕ್ಕೂ ಮೇಲೆ ಹೋದ್ರೆ ಗಡಗಡ ನಡುಕ. ನನ್ನನ್ನ ಕರೆಯೋ ಹೊತ್ತಿಗೆ ಆ ಸ್ನೇಹಿತರು ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ರು, ಕಾಯಿಲ್ ಬದಲಾಯಿಸಿದ್ರು, ನಾಲ್ಕೂ ಇಂಜೆಕ್ಟರು ಹೊಸದು ಹಾಕಿದ್ರು. ಇಸಿಯುವನ್ನ ತಯಾರಿಸಿದವರಿಗೆ ವಾಪಸ್ ಕಳಿಸಿ, "ಏನೂ ತೊಂದರೆ ಇಲ್ಲ" ಅಂತ ಅಲ್ಲಿಂದ ಚೀಟಿ ಸಮೇತ ಹಿಂದೆ ಬಂದಿತ್ತು. ಕೊನೆಗೆ ಅವರ ಕ್ಲಬ್ಬಿನ ಹಿರಿಯರೊಬ್ಬರು ಎಂಜಿನ್ನೇ ಕಿತ್ತು ಮಾರಿಬಿಡು ಅಂತ ಉಪದೇಶ ಮಾಡಿದ್ರು. ಇಷ್ಟೆಲ್ಲ ಆದ್ರೂ ವೈರನ್ನ ಒಂದು ಸಲ ಲೋಡ್ ಹಾಕಿ ನೋಡಿದೋರು ಯಾರೂ ಇಲ್ಲ! "ವೈರು ಚೆಕ್ ಮಾಡಿದ್ದೀವಿ, ಕನೆಕ್ಟರಿನಲ್ಲಿ 12.4 ವೋಲ್ಟು ಬರ್ತಿದೆ" ಅಂದ್ರು.

ಬರುತ್ತೆ. ಯಾಕೆ ಬರಲ್ಲ?

ನಮ್ಮ ಕಡೆ ಪಂಪ್‌ಸೆಟ್ ಇಟ್ಟಿರೋ ಯಾವ ರೈತರನ್ನಾದ್ರೂ ಕೇಳಿ, ಇದನ್ನ ಇಂಜಿನಿಯರುಗಳಿಗಿಂತ ಚೆನ್ನಾಗಿ ಹೇಳ್ತಾರೆ. ಕಂಬದಿಂದ ತೋಟದವರೆಗೆ ಉದ್ದಕ್ಕೆ ತೆಳ್ಳನೆ ವೈರು, ಮಧ್ಯೆ ನಾಲ್ಕು ಗಂಟು. ಪಂಪ್‌ಹೌಸಿನ ಬಲ್ಬು ಜಗಮಗ ಉರೀತದೆ. ಸ್ಟಾರ್ಟರ್ ಒತ್ತಿದ್ರೆ ಮೋಟಾರು ಹೂಂ ಅಂತ ಗುಂಯ್‌ಗುಡುತ್ತೇ ಹೊರತು ಎತ್ತಲ್ಲ. ಬಲ್ಬು ಕೂಡ ಮಂಕಾಗುತ್ತೆ. ಕರೆಂಟು ಇದೆ, ಆದ್ರೆ ಲೋಡ್ ತಡೆಯಲ್ಲ. ಡಿಜಿಟಲ್ ಮಲ್ಟಿಮೀಟರ್ ಅನ್ನೋದು ಆ ಬಲ್ಬಿಗಿಂತಲೂ ಹಗುರ. ಅದರ ಒಳಗಿನ ತಡೆ ಸಾಮಾನ್ಯವಾಗಿ ಒಂದು ಕೋಟಿ ಓಮ್. ಅದು ಎಳೆಯೋ ಕರೆಂಟು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಕೂದಲಿನ ಹಾಗೆ ಅಂಟಿಕೊಂಡಿದ್ರೂ ಮೀಟರು 12.4 ಅಂತಲೇ ತೋರಿಸುತ್ತೆ. ಮೀಟರು ಸುಳ್ಳು ಹೇಳಲ್ಲ. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೆ. ನೀವು ಕೇಳಿದ್ದು "ವೋಲ್ಟೇಜ್ ಇದೆಯಾ?" ಅಂತ. ಇಂಜೆಕ್ಟರು ಕೇಳೋದು "ನನಗೆ ಒಂದು ಆಂಪಿಯರ್ ಕೊಡ್ತೀಯಾ?" ಅಂತ. ಎರಡೂ ಬೇರೆ ಬೇರೆ ಪ್ರಶ್ನೆ.

ನಮ್ಮೂರ ಆಟೋ ಎಲೆಕ್ಟ್ರಿಷಿಯನ್ ಹತ್ರ ಇರ್ತಿದ್ದ ಸಲಕರಣೆ ನೆನಪಿದೆಯಾ? ಒಂದು ಇಂಡಿಕೇಟರ್ ಬಲ್ಬು, ಅದಕ್ಕೆ ಬೆಸೆದ ಎರಡು ವೈರು. ಅಷ್ಟೇ. ಅದನ್ನ ನೋಡಿ ನಗ್ತಿದ್ದೋರು ಇವತ್ತು ನೂರು ಡಾಲರಿನ ಮೀಟರು ಹಿಡ್ಕೊಂಡು ದಾರಿ ತಪ್ತಿದ್ದಾರೆ :) ನಾನು ಮಾಡಿದ್ದೂ ಅದನ್ನೇ. 21 ವ್ಯಾಟಿನ ಬಲ್ಬು, 12 ವೋಲ್ಟಿಗೆ ಸುಮಾರು 1.75 ಆಂಪಿಯರ್ ಎಳೆಯುತ್ತೆ. ಇಂಜೆಕ್ಟರಿನ ಹಸಿವಿಗೆ ಹತ್ತಿರದ ಲೆಕ್ಕ. ಎಂಜಿನ್ ಆಫ್ ಮಾಡಿ, ಇಂಜೆಕ್ಟರಿಗೆ ಪವರ್ ಕೊಟ್ಟು, ನಾಲ್ಕೂ ಕನೆಕ್ಟರು ಬಿಚ್ಚಿ, ಒಂದೊಂದರ ಪ್ಲಸ್ ಪಿನ್ನಿಗೂ ಬ್ಯಾಟರಿ ಮೈನಸಿಗೂ ನಡುವೆ ಬಲ್ಬು ಹಿಡಿದೆ. ಮೂರು ಕಡೆ ಪ್ರಕಾಶ. ಎರಡನೇ ರೋಟರಿನ ಸೆಕೆಂಡರಿಯಲ್ಲಿ ಕೆಂಪಗೆ ಬೀಡಿ ತುದಿ ಥರ! ಬಲ್ಬು ಉರೀತಿರುವಾಗಲೇ ಮೀಟರು ಇಟ್ರೆ 12.4 ಹೋಗಿ 7 ಚಿಲ್ಲರೆ. ಅಲ್ಲಿಂದ ಹಿಂದಕ್ಕೆ ತುಂಡು ತುಂಡಾಗಿ ಅಳೀತಾ ಹೋದ್ವಿ. ಬ್ಯಾಟರಿಯಿಂದ ಫ್ಯೂಸಿನವರೆಗೆ ನಷ್ಟ ಅತ್ಯಲ್ಪ. ಫೈರ್‌ವಾಲ್ ಹತ್ತಿರದ ಕನೆಕ್ಟರು ದಾಟಿದ ಕೂಡಲೇ ಐದು ವೋಲ್ಟು ಮಾಯ. ಪಿನ್ನು ಎಳೆದು ನೋಡಿದ್ರೆ, ಕ್ರಿಂಪ್ ಮಾಡುವಾಗ ತಾಮ್ರದ ಬದಲು ಪ್ಲಾಸ್ಟಿಕ್ ಹೊದಿಕೆ ಮೇಲೆ ಹಲ್ಲು ಕೂತಿತ್ತು. ಎರಡೋ ಮೂರೋ ಎಳೆ ಮಾತ್ರ ಲೋಹಕ್ಕೆ ತಾಗ್ತಿದ್ವು. ಒಂದು ಪಿನ್ನು. ಅದನ್ನ ಹುಡುಕೋಕೆ ಹಿಡಿದದ್ದು ನಲವತ್ತು ನಿಮಿಷ. ಅದಕ್ಕೂ ಮೊದಲು ಬದಲಾಯಿಸಿದ ಪಾರ್ಟುಗಳ ಬಿಲ್ಲು ಕೇಳಬೇಡಿ, ಹೊಟ್ಟೆ ಉರಿಯುತ್ತೆ.

"ಅದು ನಿಮ್ಮ ಅದೃಷ್ಟ, ಎಲ್ಲ ಸಲ ಹಾಗೆ ಸಿಗುತ್ತಾ?" ಅಂತಾರೆ. ಅದೃಷ್ಟ ಅಲ್ಲ ಸ್ವಾಮಿ, ಕ್ರಮ. ಆ ಕ್ರಮ ಇಲ್ಲಿ ಬರೆದಿಡ್ತೀನಿ, ಬೇಕಾದೋರು ಇಟ್ಕೊಳ್ಳಿ.

ಮೊದಲನೇದು, ಯಾವ ರೋಟರು ಅಂತ ಕಂಡುಹಿಡೀರಿ. ಎರಡಕ್ಕೂ ಬೇರೆ ಬೇರೆ ಎಗ್ಸಾಸ್ಟ್ ಉಷ್ಣಾಂಶದ ಮೀಟರು ಇದ್ರೆ ಅರ್ಧ ಕೆಲಸ ಮುಗೀತು. ಪೆಟ್ರೋಲ್ ಕಡಿಮೆಯಾದ ರೋಟರಿನ ಉಷ್ಣಾಂಶ ಮೊದಲು ಏರಬಹುದು, ಉರಿಯೋದೇ ನಿಂತ ಮೇಲೆ ದಬಕ್ಕನೆ ಬೀಳುತ್ತೆ. ಎರಡೂ ರೋಟರು ಒಟ್ಟಿಗೆ ಒದ್ದಾಡ್ತಿದ್ರೆ ಒಂದು ಇಂಜೆಕ್ಟರಿನ ವೈರನ್ನ ಅನುಮಾನಿಸೋದು ಬಿಡಿ. ಪೆಟ್ರೋಲಿನ ಒತ್ತಡ, ಶಾಫ್ಟಿನ ಸೆನ್ಸರು, ಎಲ್ಲಕ್ಕೂ ಸೇರಿದ ಫ್ಯೂಸು ಅಥವಾ ಗ್ರೌಂಡು ನೋಡಿ. ಪಂಪು ಸೋತ್ರೆ ಇಬ್ಬರಿಗೂ ಉಪವಾಸ. ಒಂದು ವೈರು ಸೋತ್ರೆ ಒಬ್ಬರಿಗೆ ಮಾತ್ರ.

ಎರಡನೇದು, ಯಾವ ಹಂತ. ಐಡಲಿನಲ್ಲೇ ನಡುಕ ಇದ್ರೆ ಪ್ರೈಮರಿ ಕಡೆ ಹೋಗಿ. ಮೇಲಿನ ಥ್ರಾಟಲಿನಲ್ಲಿ ಮಾತ್ರ ಅಂದ್ರೆ ಸೆಕೆಂಡರಿ. ಪ್ರೈಮರಿ, ಸೆಕೆಂಡರಿಗಳನ್ನ ಬೇರೆ ಬೇರೆಯಾಗಿ ಆಫ್ ಮಾಡೋ ಸ್ವಿಚ್ಚು ಇಟ್ಟಿದ್ರೆ ಇದನ್ನ ಸೀಟಿನಲ್ಲಿ ಕೂತೇ ಹೇಳಬಹುದು. ಆ ಸ್ವಿಚ್ಚು ಇಡದೇ ಇರೋರು ದುಡ್ಡು ಉಳಿಸಿಲ್ಲ, ಕಣ್ಣಿಗೆ ಬಟ್ಟೆ ಕಟ್ಕೊಂಡಿದ್ದಾರೆ.

ಮೂರನೇದು, ನಾಲ್ಕೂ ಇಂಜೆಕ್ಟರಿನ ಓಮ್ ಅಳೆದು ಹೋಲಿಸಿ. ಇವುಗಳಲ್ಲಿ ಎರಡು ಜಾತಿ. ಒಂದು ಸುಮಾರು 12ರಿಂದ 16 ಓಮ್, ಇನ್ನೊಂದು 2ರಿಂದ 4 ಓಮ್. ಎರಡನೇ ಜಾತಿ ತುಂಬ ಕರೆಂಟು ಕುಡಿಯುತ್ತೆ. ಅದಕ್ಕೆ ತಕ್ಕ ಡ್ರೈವರ್ ಇಲ್ಲದ ಇಸಿಯುಗೆ ನೇರವಾಗಿ ಕಟ್ಟಿದ್ರೆ ಡ್ರೈವರ್ ಸುಟ್ಟುಹೋಗಬಹುದು, ಸರಣಿಯಲ್ಲಿ ರೆಸಿಸ್ಟರ್ ಬೇಕಾಗುತ್ತೆ. ಯಾರದೋ ಹಳೇ ಕಾರಿಂದ ಕಿತ್ತು ತಂದ ಇಂಜೆಕ್ಟರನ್ನ ಓಮ್ ನೋಡದೆ ಹಾಕಿ, ಆಮೇಲೆ ಇಸಿಯು ಮಾಡಿದೋರನ್ನ ಬೈಯೋರನ್ನ ಕಂಡಿದ್ದೀನಿ.

ನಾಲ್ಕನೇದು, ಅನುಮಾನ ಬಂದ ಇಂಜೆಕ್ಟರನ್ನೂ ಪಕ್ಕದ ರೋಟರಿನ ಇಂಜೆಕ್ಟರನ್ನೂ ಅದಲು ಬದಲು ಮಾಡಿ. ದೋಷ ಜೊತೆಗೇ ಹೋದ್ರೆ ಇಂಜೆಕ್ಟರಿಂದು. ಇದ್ದಲ್ಲೇ ಇದ್ರೆ ವೈರು ಅಥವಾ ಇಸಿಯು. ಒಂದು ಸಲಕ್ಕೆ ಒಂದೇ ಬದಲಾವಣೆ! ಒಂದೇ ದಿನ ನಾಲ್ಕು ಭಾಗ ಬದಲಾಯಿಸಿ "ಈಗ ಸರಿಯಾಯ್ತು" ಅನ್ನೋರಿಗೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಿರಲ್ಲ. ಮತ್ತೆ ಕೆಟ್ಟಾಗ ಮತ್ತೆ ಮೊದಲಿಂದ. ನಿಮ್ಮಲ್ಲಿ ಸಾಫ್ಟ್‌ವೇರಿನಲ್ಲಿರೋ ಎಷ್ಟೋ ಜನಕ್ಕೆ ಈ ನೋವು ನಾನು ವಿವರಿಸಬೇಕಾಗಿಲ್ಲ.

ಐದನೇದು, ಬಲ್ಬು. ಪ್ಲಸ್ ಕಡೆಗೆ ಮೇಲೆ ಹೇಳಿದ ಹಾಗೆ. ಎಲ್‌ಇಡಿ ಟೆಸ್ಟರು ಬೇಡ, ಅದೂ ಮೀಟರಿನ ಥರವೇ ಅಲ್ಪಾಹಾರಿ. ಬಲ್ಬು ಉರೀತಿರುವಾಗಲೇ ವೈರಿನ ಕಟ್ಟನ್ನ ಅಲ್ಲಲ್ಲಿ ಹಿಡಿದು ಅಲುಗಾಡಿಸಿ. ಬೆಳಕು ಎಲ್ಲಿ ಮಿಣುಕಿತೋ ಅಲ್ಲಿದೆ ಕಳ್ಳ. ಎಂಜಿನ್ ಓಡ್ತಿರುವಾಗ ಪ್ರೊಪೆಲರ್ ಹತ್ರ ಕೈ ಹಾಕಿ ವೈರು ಅಲುಗಾಡಿಸೋ ಸಾಹಸ ದಯವಿಟ್ಟು ಬೇಡ. ಅದರ ಅಗತ್ಯವೇ ಇಲ್ಲ.

ಆರನೇದು, ಗ್ರೌಂಡು. ಎಲ್ಲರೂ ಪ್ಲಸ್ ಹುಡುಕ್ತಾರೆ, ಮೈನಸ್ಸನ್ನ ಯಾರೂ ಕೇಳಲ್ಲ. ಇಂಜೆಕ್ಟರಿಂದ ಬಂದ ಕರೆಂಟು ಇಸಿಯು ದಾಟಿ ಬ್ಯಾಟರಿಗೆ ವಾಪಸ್ ಹೋಗ್ಬೇಕಲ್ಲ, ಅದೂ ದಾರಿಯೇ. ಎಂಜಿನ್ ಓಡ್ತಿರುವಾಗ ಇಸಿಯು ಗ್ರೌಂಡಿಗೂ ಬ್ಯಾಟರಿ ಮೈನಸಿಗೂ ನಡುವೆ ಅಳೆಯಿರಿ. ಮೀಟರಿನ ವೈರನ್ನ ಮೊದಲೇ ಕಾಕ್‌ಪಿಟ್ಟಿಗೆ ಎಳೆದಿಟ್ಟುಕೊಂಡು ಅಲ್ಲಿ ಕೂತು ನೋಡಿ. 0.1 ವೋಲ್ಟಿಗಿಂತ ಕೆಳಗಿದ್ರೆ ಸಂತೋಷ. ಅರ್ಧ ವೋಲ್ಟಿದ್ರೆ ನಿಲ್ಲಿಸಿ, ಹುಡುಕಿ. ಕಾರಿನಲ್ಲಿ ಇಡೀ ಬಾಡಿ ಕಬ್ಬಿಣ, ಎಲ್ಲಿ ಬೋಲ್ಟು ಹಾಕಿದ್ರೂ ಗ್ರೌಂಡು. ಲಾಂಗ್-ಈಜಿ ಥರದ ವಿಮಾನಗಳ ಮೈ ಫೈಬರ್ ಮತ್ತು ಫೋಮ್. ಅಲ್ಲಿ ಪ್ರತಿ ಗ್ರೌಂಡಿಗೂ ವೈರು ಎಳೀಲೇಬೇಕು. ಇಗ್ನಿಷನ್ ಕಾಯಿಲಿನ ಗ್ರೌಂಡನ್ನೂ ಸೆನ್ಸರಿನ ಗ್ರೌಂಡನ್ನೂ ಒಂದೇ ತೆಳ್ಳನೆ ವೈರಿಗೆ ಕಟ್ಟಿದ್ರಂತೂ ಮುಗೀತು, ದೆವ್ವ ಹಿಡಿದ ಹಾಗೆ ಆಡುತ್ತೆ.

ಇಷ್ಟರಲ್ಲಿ ಯಾವುದಕ್ಕೂ ದೊಡ್ಡ ಓದು ಬೇಡ. ಬೇಕಾಗಿರೋದು ತಾಳ್ಮೆ. ಅದೇ ತಾನೆ ಕಷ್ಟ!

ಇನ್ನೊಂದು ಮೂಢನಂಬಿಕೆಗೆ ಬರ್ತೀನಿ. "ನನ್ನ ಹತ್ರ ಎರಡು ಇಸಿಯು ಇದೆ, ಒಂದು ಹೋದ್ರೆ ಇನ್ನೊಂದು. ನನಗೇನು ಭಯ?" ಇದನ್ನ ಎದೆಯುಬ್ಬಿಸಿ ಹೇಳ್ತಾರೆ. ಸರಿ, ಆ ಎರಡು ಇಸಿಯುಗಳಿಂದ ಇಂಜೆಕ್ಟರಿಗೆ ಹೋಗೋ ವೈರು ಎಷ್ಟು ಜೊತೆ? ಒಂದೇ. ಕನೆಕ್ಟರು? ಅದೂ ಒಂದೇ. ನಾಲ್ಕೂ ಇಂಜೆಕ್ಟರಿಗೆ ಪ್ಲಸ್ ಕೊಡೋ ಫ್ಯೂಸು? ಅದೂ ಒಂದೇ! ಎರಡು ಮೆದುಳು, ಒಂದೇ ನರ. ನರ ಕತ್ತರಿಸಿದ ಮೇಲೆ ಮೆದುಳು ಹತ್ತಿದ್ರೆ ಏನು ಪ್ರಯೋಜನ? ಇದಕ್ಕಿಂತ ಮೂರು ಕಾಸಿನ ಉಪಾಯ ಇದೆ. ಎರಡು ಪ್ರೈಮರಿಗೆ ಒಂದು ಫ್ಯೂಸು, ಒಂದು ದಾರಿ. ಎರಡು ಸೆಕೆಂಡರಿಗೆ ಬೇರೆ ಫ್ಯೂಸು, ಬೇರೆ ದಾರಿ, ಬೇರೆ ಕನೆಕ್ಟರು. ಒಂದು ಜೋಡಿ ಸತ್ರೂ ಇನ್ನೊಂದು ಜೋಡಿಯಲ್ಲಿ ಮಿಶ್ರಣ ಹೆಚ್ಚಿಸಿ ಎರಡೂ ರೋಟರನ್ನ ಓಡಿಸ್ಕೊಂಡು ರನ್‌ವೇಗೆ ವಾಪಸ್ ಬರೋ ಅವಕಾಶ ಉಳಿಯುತ್ತೆ. ಅದನ್ನ ನೆಲದ ಮೇಲೆ ಮೊದಲೇ ಓಡಿಸಿ ನೋಡಿರಬೇಕು ಅನ್ನೋದು ಬೇರೆ ಮಾತು. ನೋಡದ ಉಪಾಯ ಉಪಾಯ ಅಲ್ಲ, ಹಾರೈಕೆ.

ಈಗ ವಿರೋಧಿಗಳ ಬಲವಾದ ವಾದಕ್ಕೆ ನ್ಯಾಯ ಸಲ್ಲಿಸ್ಬೇಕು. ಲೈಕಾಮಿಂಗ್ ಥರದ ಹಳೇ ವಿಮಾನ ಎಂಜಿನ್ನಿಗೆ ಮ್ಯಾಗ್ನೆಟೋ ಇರುತ್ತೆ, ಪೆಟ್ರೋಲು ಕೊಡೋ ವ್ಯವಸ್ಥೆ ಯಾಂತ್ರಿಕ. ಬ್ಯಾಟರಿ ಪೂರ್ತಿ ಸತ್ತರೂ ಅದು ಓಡ್ತಾನೇ ಇರುತ್ತೆ. ನಿಜ, ಅದು ದೊಡ್ಡ ಗುಣ. ರೋಟರಿ ಹೆಚ್ಚು ಪೆಟ್ರೋಲು ಕುಡಿಯುತ್ತೆ, ಎಗ್ಸಾಸ್ಟ್ ಬೆಂಕಿ ಉಗುಳುತ್ತೆ, ತಂಪು ಮಾಡೋದು ತಲೆನೋವು. ಅದೂ ನಿಜ. ಇವನ್ನ ಹೇಳಿ "ನನಗೆ ರೋಟರಿ ಬೇಡ" ಅನ್ನೋರ ಜೊತೆ ನನ್ನ ಜಗಳವೇ ಇಲ್ಲ. ಆದ್ರೆ "ಕರೆಂಟ್ ನಂಬಿದ ಎಂಜಿನ್ನೇ ತಪ್ಪು" ಅನ್ನೋರು ಪಕ್ಕದ ಹ್ಯಾಂಗರನ್ನೂ ನೋಡಲಿ. ರೋಟ್ಯಾಕ್ಸ್ 2012ರಲ್ಲಿ ಹೊರತಂದ 912 ಐಎಸ್ ಕೂಡ ಪೂರ್ತಿ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿನದು, ಪಿಸ್ಟನ್ ಎಂಜಿನ್ನು. ಅದರಲ್ಲಿ ಸಿಲಿಂಡರಿಗೆ ಎರಡೆರಡು ಇಂಜೆಕ್ಟರು, ನಿಯಂತ್ರಣಕ್ಕೆ ಎರಡು ಲೇನು. ಅಂದ್ರೆ ಕರೆಂಟನ್ನ ನಂಬೋದು ತಪ್ಪಲ್ಲ. ನಂಬೋಕೆ ತಕ್ಕ ಹಾಗೆ ವೈರು ಎಳೀಬೇಕು, ಅಷ್ಟೇ.

"ಕಾರು ಇದೇ ವೈರಿನಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಲ್ವಾ?" ಅನ್ನೋ ಇನ್ನೊಂದು ಗುಂಪಿದೆ, ನಮ್ಮ ರೋಟರಿ ಅಭಿಮಾನಿಗಳದ್ದೇ. ಇವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು. ಕಾರಿನ ವೈರಿಂಗ್ ಕಾರ್ಖಾನೆಯಲ್ಲಿ ಸರಿಯಾದ ಯಂತ್ರದಿಂದ ಕ್ರಿಂಪ್ ಆಗಿ ಬಂದದ್ದು, ನಿಮ್ಮ ಇಕ್ಕಳದಿಂದಲ್ಲ. ಕಾರು ಕೆಟ್ರೆ ಎಡಕ್ಕೆ ಒತ್ತಿ ನಿಲ್ಲಿಸಬಹುದು. ಮೋಡದ ಪಕ್ಕ ಗ್ಯಾರೇಜಿಲ್ಲ. ವೈರನ್ನ ತಿರುಚಿ ಟೇಪ್ ಸುತ್ತೋರು, ಅದೇ ಕೈಯಲ್ಲಿ ಸೋರ್ತಿರೋ ಪೆಟ್ರೋಲ್ ಪೈಪಿಗೂ ಟೇಪ್ ಸುತ್ತಿ ಹಾರ್ತಾರಾ? ಹಾರಲ್ಲ. ಹಾಗಾದ್ರೆ ಪೆಟ್ರೋಲ್ ನಲ್ಲಿಯನ್ನ ತೆರೆಯೋ ವೈರಿಗೆ ಮಾತ್ರ ಯಾಕೆ ಈ ಸಸಾರ?

ಬೆಸುಗೆ ಹಾಕ್ತೀನಿ, ಗಟ್ಟಿ ಇರುತ್ತೆ ಅಂತಾರೆ. ಸೀಸ ಎಳೆಗಳೊಳಗೆ ಏರಿ ವೈರನ್ನ ಕಡ್ಡಿ ಥರ ಮಾಡುತ್ತೆ. ಅದು ಮುಗಿಯೋ ಜಾಗದಲ್ಲಿ ಅದುರಿ ಅದುರಿ ಎಳೆಗಳು ಒಂದೊಂದಾಗಿ ತುಂಡಾಗುತ್ವೆ, ಹೊದಿಕೆ ಒಳಗೇ. ಹೊರಗಿಂದ ಏನೂ ಕಾಣಲ್ಲ. ಸರಿಯಾದ ಪಿನ್ನಿಗೆ ಸರಿಯಾದ ರ‍್ಯಾಚೆಟ್ ಕ್ರಿಂಪರು, ಪಿನ್ನಿನ ಹಿಂದೆ ವೈರು ಅದುರದಂತೆ ಒಂದು ಕ್ಲಾಂಪು, ಬೆಂಕಿ ಬಿದ್ರೆ ದಟ್ಟ ಹೊಗೆ ಕಕ್ಕೋ ಪಿವಿಸಿ ಬದಲು ಟೆಫ್‌ಜೆಲ್ ಹೊದಿಕೆಯ ವಿಮಾನದ ವೈರು. ಎಫ್‌ಎಎ ಎಸಿ 43.13-1ಬಿ ಅನ್ನೋ ತನ್ನ ಕೈಪಿಡಿಯಲ್ಲಿ ವೈರಿಂಗಿಗೇ ಒಂದು ಇಡೀ ಅಧ್ಯಾಯ ಬರೆದಿಟ್ಟಿದೆ. ಪುಕ್ಕಟೆ ಸಿಗುತ್ತೆ. ಓದೋರು ಬೇಕಲ್ಲ.

2012ರಲ್ಲಿ ಅಮೆರಿಕದ ಎನ್‌ಟಿಎಸ್‌ಬಿ, ಸ್ವಂತವಾಗಿ ಕಟ್ಟಿದ ವಿಮಾನಗಳ ಸುರಕ್ಷತೆ ಬಗ್ಗೆ ಒಂದು ಅಧ್ಯಯನ ಹೊರತಂದಿತು. ಅಪಘಾತಗಳಲ್ಲಿ ಎದ್ದು ಕಂಡಿದ್ದು ಎರಡು: ಎಂಜಿನ್ ಕೈಕೊಡೋದು ಮತ್ತು ಹಾರಾಟದಲ್ಲಿ ನಿಯಂತ್ರಣ ತಪ್ಪೋದು. ಇಂಧನ ವ್ಯವಸ್ಥೆಯನ್ನ ನೆಲದ ಮೇಲೇ ಪರೀಕ್ಷೆ ಮಾಡಿಸಬೇಕು ಅಂತಲೂ ಅದು ಶಿಫಾರಸು ಮಾಡಿತು. ನನ್ನ ಮಾತು ಅದರ ಮುಂದಿನ ಹೆಜ್ಜೆ ಅಷ್ಟೇ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇದ್ದ ಮೇಲೆ ವೈರೂ ಇಂಧನ ವ್ಯವಸ್ಥೆಯೇ. ಹರಿವನ್ನ ಅಳೆದ ಹಾಗೆ ವೋಲ್ಟೇಜ್ ನಷ್ಟವನ್ನೂ ಅಳೆದು, ನಾಲ್ಕೂ ಇಂಜೆಕ್ಟರಿನ ಅಂಕಿಗಳನ್ನ ಲಾಗ್‌ಬುಕ್ಕಿನಲ್ಲಿ ಬರೀಬೇಕು. ಪ್ರತಿ ವರ್ಷ ಮತ್ತೆ ಅಳೆದು ಹೋಲಿಸಬೇಕು. ಇವತ್ತು 0.2 ಇದ್ದದ್ದು ಮುಂದಿನ ವರ್ಷ 0.9 ಆದ್ರೆ ವೈರು ನಿಮಗೆ ಮುಂಚಿತವಾಗೇ ಕಾಗದ ಬರೆದಿದೆ ಅಂತ ಅರ್ಥ.

"ಅಮೆರಿಕದ ಹವ್ಯಾಸಿಗಳ ಗೋಳು ನಮಗ್ಯಾಕಪ್ಪ?" ಅಂತ ನಿಮ್ಮಲ್ಲಿ ಯಾರಾದ್ರೂ ಕೇಳೋ ಮುಂಚೆ ಹೇಳ್ತೀನಿ. ವ್ಯಾಂಕೆಲ್ ರೋಟರಿ ಕನ್ನಡ ನೆಲಕ್ಕೆ ಅಪರಿಚಿತ ಅಲ್ಲ. ಬೆಂಗಳೂರಿನ ಎಡಿಇ ರೂಪಿಸಿದ 'ನಿಶಾಂತ್' ಅನ್ನೋ ಪೈಲಟ್ ಇಲ್ಲದ ವಿಮಾನಕ್ಕೆ ದೇಶದಲ್ಲೇ ತಯಾರಾದ ವ್ಯಾಂಕೆಲ್ ಎಂಜಿನ್ ಹಾಕಿ 2009ರ ಮಾರ್ಚಿನಲ್ಲಿ ಹಾರಿಸಿ ನೋಡಿದ್ದು ಕೋಲಾರದ ಹತ್ತಿರವೇ. 55 ಅಶ್ವಶಕ್ತಿಯ ಆ ಎಂಜಿನ್ನಿನ ಹಿಂದೆ ಬೆಂಗಳೂರಿನ ಎನ್‌ಎಎಲ್ ಕೂಡ ಇತ್ತು. ಈಗ ನಮ್ಮ ಹುಡುಗ ಹುಡುಗಿಯರು ಕಾಲೇಜುಗಳಲ್ಲಿ ಡ್ರೋನ್ ಕಟ್ತಿದ್ದಾರೆ. ಎಂಜಿನ್ ಇರಲಿ, ಮೋಟಾರಿರಲಿ, ಹಾರೋ ವಸ್ತುವಿನ ಅರ್ಧ ಪ್ರಾಣ ಕನೆಕ್ಟರಿನಲ್ಲಿರುತ್ತೆ. ಅವರಿಗೆ ಥರ್ಮೋಡೈನಮಿಕ್ಸ್ ಕಲಿಸೋ ಮೇಷ್ಟ್ರು ಎಷ್ಟೋ ಜನ. ಒಂದು ಪಿನ್ನನ್ನ ಸರಿಯಾಗಿ ಕ್ರಿಂಪ್ ಮಾಡಿ, ಎಳೆದು ನೋಡಿ, ಲೋಡ್ ಹಾಕಿ ಅಳೆಯೋದನ್ನ ಕಲಿಸೋರು ಎಷ್ಟು ಜನ? ವೈರು ಎಳೆಯೋದು ಕೂಲಿ ಕೆಲಸ, ಎಂಜಿನ್ ಮುಟ್ಟೋದು ಇಂಜಿನಿಯರ್ ಕೆಲಸ ಅನ್ನೋ ಮೇಲು ಕೀಳಿನ ಭಾವನೆ ಇದೆಯಲ್ಲ, ಅದು ಬೆಂಗಳೂರಿನಲ್ಲೂ ಇದೆ, ಇಲ್ಲೂ ಇದೆ. ಎಂಜಿನ್ನಿಗೆ ತಪ್ಪು ಹೊರಿಸೋದರ ಬೇರು ಅಲ್ಲೇ ಇರೋದು. ಕೀಳು ಅಂದುಕೊಂಡ ಕೆಲಸವನ್ನ ಯಾರೂ ಎರಡು ಸಲ ಪರೀಕ್ಷೆ ಮಾಡಲ್ಲ.

ಹಾಗಾಗಿ ಸ್ನೇಹಿತರೇ, ಇನ್ನು ಮುಂದೆ ಯಾರಾದ್ರೂ ನಿಮ್ಮ ಮುಂದೆ ಕೂತು ರೋಟರಿ ಎಂಜಿನ್ ಕೈಕೊಡ್ತು ಅಂತ ಕಥೆ ಹೇಳಿದ್ರೆ ಪೂರ್ತಿ ಕೇಳಿ. ಮರುಕ ತೋರಿಸಿ, ಕಾಫಿನೂ ಕೊಡಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: "ಲೋಡ್ ಹಾಕಿ ಅಳೆದ್ರಾ? ಎಷ್ಟು ಬಂತು?" ಅಂಕಿ ಹೇಳಿದ್ರೆ ಅವರ ಮಾತಿಗೆ ಬೆಲೆ ಇದೆ, ನಾನೂ ಕೂತು ಕೇಳ್ತೀನಿ. ಅಂಕಿ ಇಲ್ಲ ಅಂದ್ರೆ ಅದು ಎಂಜಿನ್ನಿನ ಕಥೆ ಅಲ್ಲ.

ಒಪ್ಪದೇ ಇರೋರು ಕೆಳಗೆ ಬರೀರಿ. ಜಗಳಕ್ಕೆ ಸ್ವಾಗತ. ಬರುವಾಗ ಒಂದು 21 ವ್ಯಾಟಿನ ಬಲ್ಬು ತನ್ನಿ :)